ಪಗಾರ ನಿಂತ ಮನೆಯಲ್ಲಿ ಒಬ್ಬ ಮಾಸ್ತರರು



ತಿಂಗಳ ಹತ್ತನೆಯ ತಾರೀಖು ದಾಟಿದರೂ ಪಗಾರ ಕೈಗೆ ಬಾರದಿದ್ದರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಗಂಡ ಕಿರಾಣಿ ಅಂಗಡಿಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಮನೆಗೆ ಬರುತ್ತಾನೆ. ಹೆಂಡತಿ ಹಿಟ್ಟಿನ ಡಬ್ಬಿಯ ತಳ ನೋಡಿ ಸುಮ್ಮನಾಗುತ್ತಾಳೆ. ಮಕ್ಕಳು ಶಾಲೆಯ ಫೀ ಕೇಳಲು ಹೆದರುತ್ತಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ನಮ್ಮ ಕುಟುಂಬಗಳಿಗೆ ಇದು ಹೊಸ ಅನುಭವವಲ್ಲ. ಗೌರವಧನ ನಂಬಿದ ಶಿಕ್ಷಕಿ, ಆಸ್ಪತ್ರೆಯ ಆಯಾ, ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಯ ತಾಯಿ, ಇವರೆಲ್ಲರೂ ಇದನ್ನು ಬಲ್ಲರು. ಇದೇ ಧಾರವಾಡದ ಮಣ್ಣಿನಲ್ಲಿ ಹುಟ್ಟಿ, ಇದೇ ಕಷ್ಟವನ್ನು ತಿಂಗಳುಗಟ್ಟಲೆ ಅಲ್ಲ, ವರ್ಷಗಟ್ಟಲೆ ಉಂಡ ಒಬ್ಬ ದೊಡ್ಡ ಮನುಷ್ಯರ ಬಾಳನ್ನು ಈ ವಾರ ನೆನೆಯೋಣ. ಅವರು ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ.

ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆತನ ವೇದ ಸಂಸ್ಕೃತ ಬಲ್ಲದ್ದು, ಆದರೆ ಕೈಯಲ್ಲಿ ಹಣವಿಲ್ಲದ್ದು. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಅಂಬಿಕೆ ಸಂಸಾರವನ್ನು ಸಾಕಿದರು. ಚಿಕ್ಕಪ್ಪನ ಆಸರೆಯಿಂದ ಹುಡುಗ ಪುಣೆಗೆ ಹೋಗಿ ಓದಿ, 1918ರಲ್ಲಿ ಬಿ.ಎ. ಮುಗಿಸಿ, ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಮರುವರ್ಷ ಲಕ್ಷ್ಮೀಬಾಯಿಯವರೊಡನೆ ಮದುವೆ. ಮುಂದೆ ಕವಿತೆ ಬರೆದಾಗ ಅವರು ಹಾಕಿದ ಹೆಸರು ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ಬಡತನದಲ್ಲಿ ತನ್ನನ್ನು ಬೆಳೆಸಿದ ತಾಯಿಯ ಹೆಸರನ್ನು ಅವರು ಹೀಗೆ ಜೀವಮಾನವಿಡೀ ಹೊತ್ತರು.

ಮಾಸ್ತರಿಕೆಯ ಪಗಾರ ದೊಡ್ಡದಲ್ಲ. ಮನೆಯಲ್ಲಿ ಸಾವು ನೋವುಗಳೂ ಬಂದವು. ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಆ ದಂಪತಿಗಳು ಕಳೆದುಕೊಂಡರು; ಕೊನೆಗೆ ಉಳಿದವರು ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗುವಿನ ಸಾವಿನ ಮುಂದೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತ ಗಳಿಗೆಯನ್ನು ಕುರಿತು ಅವರು ಬರೆದ ಕವಿತೆ ಕನ್ನಡಿಗರ ಕಣ್ಣಲ್ಲಿ ಇಂದಿಗೂ ನೀರು ತರಿಸುತ್ತದೆ.

ಇಂಥ ಸಂಸಾರದ ಮೇಲೆ 1932ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ‘ನರಬಲಿ’ ಎಂಬ ಅವರ ಕವಿತೆಯಲ್ಲಿ ಬ್ರಿಟಿಷ್ ಸರಕಾರ ರಾಜದ್ರೋಹವನ್ನು ಕಂಡಿತು. ಬೇಂದ್ರೆಯವರನ್ನು ಬೆಳಗಾವಿಯ ಹತ್ತಿರದ ಹಿಂಡಲಗಾ ಜೈಲಿನಲ್ಲಿ ಮೂರು ತಿಂಗಳು ಇಟ್ಟರು. ಬಳಿಕ ಒಂಬತ್ತು ತಿಂಗಳು ಮುಗದ ಗ್ರಾಮದಲ್ಲಿ ನಜರಬಂದಿ. ಮುಗದವೆಂದರೆ ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ರೈಲುದಾರಿಯಲ್ಲಿ ಸಿಗುವ ಹಳ್ಳಿ. ಮನೆ ಅಷ್ಟು ಹತ್ತಿರ, ಆದರೂ ಮನೆಗೆ ಹೋಗುವಂತಿಲ್ಲ. ಅಷ್ಟರಲ್ಲಿ ನೌಕರಿಯೂ ಹೋಗಿತ್ತು. ಮೂವತ್ತಾರು ವಯಸ್ಸಿನ ಸಂಸಾರಿಗೆ ಪಗಾರ ತಡವಾಗಲಿಲ್ಲ, ಪೂರ್ತಿಯಾಗಿ ನಿಂತೇಹೋಯಿತು.

ಬಿಡುಗಡೆಯಾದ ಮೇಲೂ ಸರಕಾರದ ಕಣ್ಣಿಗೆ ಬಿದ್ದ ಮಾಸ್ತರರಿಗೆ ನೆಲೆಯಾದ ನೌಕರಿ ಸಿಗಲಿಲ್ಲ. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಅವರು ಸೇರಿದ್ದು 1944ರಲ್ಲಿ. ನಡುವೆ ಸುಮಾರು ಹನ್ನೆರಡು ವರ್ಷ. 1943ರಲ್ಲಿ ಶಿವಮೊಗ್ಗೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ನಾಡು ಅವರನ್ನು ಕೂರಿಸಿತು. ಅಂಥ ಗೌರವ ಪಡೆದವರಿಗೂ ಆ ಹೊತ್ತಿಗೆ ನೆಲೆಯಾದ ನೌಕರಿ ಇರಲಿಲ್ಲ. ಪಗಾರವಿಲ್ಲದವನಿಗೆ ಬೆಲೆಯಿಲ್ಲವೆಂದು ನಾವು ಎಷ್ಟು ಬೇಗ ತಿಳಿಯುತ್ತೇವೆ! ಮನುಷ್ಯನ ಬೆಲೆಯೇ ಬೇರೆ, ಅವನ ಪಗಾರವೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆ ವರ್ಷಗಳನ್ನು ಅವರು ಹೇಗೆ ಕಳೆದರು? ಮೊದಲನೆಯದಾಗಿ, ಕೈಕಟ್ಟಿ ಕೂರಲಿಲ್ಲ. ಮಕ್ಕಳ ತಂದೆಯಾಗಿದ್ದವರು ಮತ್ತೆ ವಿದ್ಯಾರ್ಥಿಯಾಗಿ ಎಂ.ಎ. ಪದವಿ ಪಡೆದರು. ಮುಂದೆ ಕಾಲೇಜಿನ ಬಾಗಿಲು ತೆರೆದಾಗ ಒಳಗೆ ಹೋಗಲು ಆ ಪದವಿ ಅವರ ಕೈಯಲ್ಲಿತ್ತು. ಎರಡನೆಯದಾಗಿ, ಕಷ್ಟವನ್ನು ಹೆಂಡತಿಯಿಂದ ಬಚ್ಚಿಡಲಿಲ್ಲ. 1937ರಲ್ಲಿ ಬಂದ ‘ಸಖೀಗೀತ’ ಅವರ ದಾಂಪತ್ಯದ ಕಥೆಯೇ. ಸಂಸಾರದ ಸುಖ ದುಃಖಗಳನ್ನು, ಕಳೆದುಕೊಂಡದ್ದನ್ನು, ಉಳಿದದ್ದನ್ನು ಹೆಂಡತಿಯನ್ನು ಸಖಿಯೆಂದು ಕರೆದು ಅಲ್ಲಿ ಹೇಳಿಕೊಂಡಿದ್ದಾರೆ. ಮೂರನೆಯದಾಗಿ, ಒಂಟಿಯಾಗಲಿಲ್ಲ. ಧಾರವಾಡದಲ್ಲಿ ಅವರು ಕಟ್ಟಿದ ‘ಗೆಳೆಯರ ಗುಂಪು’ ಅವರ ಸುತ್ತ ಇತ್ತು. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರು ಅದರಲ್ಲಿದ್ದರು. ಹಸಿವು ಏನೆಂದು ಬಲ್ಲ ಅವರ ಲೇಖನಿಯಿಂದ ಅನ್ನವನ್ನೂ ಹೊಟ್ಟೆಯನ್ನೂ ಕುರಿತ ಕವಿತೆಗಳು ಹುಟ್ಟಿದವು. ಅವುಗಳಲ್ಲಿ ಅವರ ಮನೆಯ ಕಷ್ಟದ ಜೊತೆಗೆ ಹಸಿದವರೆಲ್ಲರ ಕೂಗೂ ಇದೆ.

ಸೊಲ್ಲಾಪುರದಲ್ಲಿ 1956ರವರೆಗೆ ಕಲಿಸಿ, ಬೇಂದ್ರೆಯವರು ಧಾರವಾಡಕ್ಕೆ ಮರಳಿ ಆಕಾಶವಾಣಿಯ ಸಲಹೆಗಾರರಾದರು. 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ‘ನಾಕು ತಂತಿ’ಗಾಗಿ 1973ರ ಜ್ಞಾನಪೀಠ ಬಂದವು. 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ತೀರಿಕೊಂಡರು. ಸಾಧನಕೇರಿಯ ಅವರ ಮನೆಯನ್ನು ನೋಡಲು ಜನ ಈಗಲೂ ಬರುತ್ತಾರೆ.

ಪ್ರಿಯ ಕುಟುಂಬದವರೇ, ಬೇಂದ್ರೆಯವರು ನಮ್ಮ ಧರ್ಮಸಭೆಯವರಲ್ಲ. ಆದರೂ ಅವರ ಮನೆಯ ಕಥೆ ನಮ್ಮ ಮನೆಗಳಿಗೆ ಪಾಠ ಹೇಳುತ್ತದೆ.

ಪಗಾರ ತಡವಾದ ದಿನವೇ ಗಂಡ ಹೆಂಡತಿ ಕೂಡಿ ಕುಳಿತು, ಕೈಯಲ್ಲಿ ಎಷ್ಟಿದೆ, ಯಾವುದು ತಡೆಯುವಂಥದ್ದು, ಯಾವುದು ತಡೆಯಲಾರದ್ದು ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಕಾಳು ಕಡಿ, ಔಷಧ, ಮಕ್ಕಳ ಓದು ಮೊದಲು. ಹೊಸ ಬಟ್ಟೆ, ಜಾತ್ರೆ, ಬೀಗರ ಮನೆಯ ಮುಯ್ಯಿ ಆಮೇಲೆ. ಅಂಗಡಿಯವರನ್ನು ಕಂಡು ಓಣಿ ತಪ್ಪಿಸುವ ಬದಲು ನೀವೇ ಮೊದಲು ಹೋಗಿ, ಪಗಾರ ಇಂಥ ದಿನಕ್ಕೆ ಬರುವ ನಿರೀಕ್ಷೆಯಿದೆ ಎಂದು ತಿಳಿಸಿ. ಸತ್ಯ ಹೇಳಿದವನಿಗೆ ಉದ್ರಿ ಸಿಕ್ಕೀತು, ಮುಖ ಮರೆಸಿದವನಿಗೆ ಸಿಗಲಾರದು. ಪಗಾರ ಅರ್ಧ ಬಂದರೆ ಎಲ್ಲರ ಬಾಕಿಯಲ್ಲೂ ಸ್ವಲ್ಪ ಸ್ವಲ್ಪ ತೀರಿಸಿ.

ಬಡ್ಡಿ ಸಾಲದ ವಿಷಯದಲ್ಲಿ ಎಚ್ಚರ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಎಂದರೆ ಸಣ್ಣದಾಗಿ ಕೇಳಿಸುತ್ತದೆ. 5,000 ರೂಪಾಯಿ ತಂದರೆ ತಿಂಗಳಿಗೆ 500 ಬಡ್ಡಿ. ಹತ್ತು ತಿಂಗಳಲ್ಲಿ 5,000 ಕಟ್ಟಿರುತ್ತೀರಿ, ಆದರೂ ಅಸಲು ಹಾಗೆಯೇ ಇರುತ್ತದೆ. ಇಂಥ ಸಾಲದಿಂದ ರೈತರನ್ನು ಬಿಡಿಸಲೆಂದೇ 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಇದು ನಮ್ಮ ಸೀಮೆಯ ಹೆಮ್ಮೆ. ಪಗಾರ ಸರಿಯಾಗಿ ಬರುವ ತಿಂಗಳುಗಳಲ್ಲಿ ಸಂಘದಲ್ಲಿ ಸ್ವಲ್ಪ ಸ್ವಲ್ಪ ಉಳಿಸಿದವರು ಬಾರದ ತಿಂಗಳಲ್ಲಿ ಸಾಹುಕಾರರ ಬಾಗಿಲಿಗೆ ಹೋಗಬೇಕಾಗಿಲ್ಲ.

ಇನ್ನೊಂದು ಮಾತು, ಕೂಲಿ ಕೊಡುವವರಿಗೆ. ದುಡಿದವನ ಕೂಲಿಯನ್ನು ರಾತ್ರಿ ಕಳೆಯುವತನಕ ಹಿಡಿದಿಡಬಾರದೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ತಮ್ಮ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕೆಂದು ಸಾರಿದರು. ನಮ್ಮ ಹೊಲದಲ್ಲಿ, ನಮ್ಮ ಮನೆಗೆಲಸದಲ್ಲಿ ದುಡಿಯುವವರಿಗೆ ನಾವು ಸಮಯಕ್ಕೆ ಕೊಡುತ್ತಿದ್ದೇವೆಯೇ? ನಮ್ಮ ಪಗಾರ ತಡವಾದಾಗ ನೊಂದುಕೊಳ್ಳುವ ನಾವು ಅವರ ಕೂಲಿಯನ್ನು ನಾಳೆ ನೋಡೋಣ ಎನ್ನುತ್ತೇವಲ್ಲವೇ?

ಪ್ರಭು ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದು ಆಯಾ ದಿನದ ಅನ್ನವನ್ನು. ಅದನ್ನು ನನಗೆ ಎಂದು ಕೇಳದೆ ನಮಗೆ ಎಂದು ಕೇಳುತ್ತೇವೆ. ಈ ವಾರ ರಾತ್ರಿ ಜಪಸರ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದಲ್ಲಿ ಯಾರ ಮನೆಯಲ್ಲಿ ಪಗಾರ ಬಂದಿಲ್ಲ ಎಂದು ಒಂದು ಗಳಿಗೆ ಯೋಚಿಸೋಣ. ಸದ್ದಿಲ್ಲದೆ ಒಂದು ಸೇರು ಜೋಳ ಆ ಮನೆಗೆ ಮುಟ್ಟಿಸೋಣ. ನಮ್ಮ ಮನೆಯಲ್ಲೇ ಬಂದಿಲ್ಲವಾದರೆ, ನಾಚಿಕೆಪಡದೆ ಬಾಯಿಬಿಟ್ಟು ಹೇಳೋಣ. ಆಗ ಅನ್ನ ಬೇಡುವ ನಮ್ಮ ಪ್ರಾರ್ಥನೆಗೆ ದೇವರು ನೆರೆಮನೆಯವರ ಕೈಯಿಂದಲೇ ಉತ್ತರ ಕಳಿಸಿಯಾನು.