ರಾಬರ್ಟ್ ಬಾಷ್

ರಾಬರ್ಟ್ ಬಾಷ್ (ಸೆಪ್ಟೆಂಬರ್ 23, 1861 – ಮಾರ್ಚ್ 12, 1942) ಜರ್ಮನಿಯ ತಂತ್ರಜ್ಞ ಹಾಗೂ ಕೈಗಾರಿಕೋದ್ಯಮಿ. ಪೆಟ್ರೋಲ್ ಎಂಜಿನ್ನಿನ ಇಂಧನವನ್ನು ಸರಿಯಾದ ಕ್ಷಣಕ್ಕೆ ಹೊತ್ತಿಸುವ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ನಂಬಲರ್ಹ ಸಾಧನಗಳನ್ನಾಗಿ ಬೆಳೆಸಿದ ಸಂಸ್ಥೆಯ ಸ್ಥಾಪಕರಾಗಿ ಇವರು ಪ್ರಸಿದ್ಧರು. ಕಾರು ನಡುಗದೆ ಒಂದೇ ಲಯದಲ್ಲಿ ಓಡುವುದಕ್ಕೆ ಅಗತ್ಯವಾದ ದಹನ ವ್ಯವಸ್ಥೆಯ ಇತಿಹಾಸದಲ್ಲಿ ಇವರ ಕಾರ್ಯಾಗಾರಕ್ಕೆ ಮುಖ್ಯ ಸ್ಥಾನವಿದೆ.

ಆರಂಭಿಕ ಜೀವನ

ಬಾಷ್ ದಕ್ಷಿಣ ಜರ್ಮನಿಯ ಉಲ್ಮ್ ನಗರದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ಹನ್ನೆರಡು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ತಂದೆ ಕೃಷಿಕರಾಗಿದ್ದು, ವಸತಿಗೃಹವನ್ನೂ ನಡೆಸುತ್ತಿದ್ದರು. ಶಾಲಾ ಶಿಕ್ಷಣದ ನಂತರ ಬಾಷ್ ಉಲ್ಮ್‌ನಲ್ಲಿ ಸೂಕ್ಷ್ಮಯಂತ್ರಗಳ ಕೆಲಸವನ್ನು ಕಲಿತರು. 1884ರಲ್ಲಿ ಅಮೆರಿಕಕ್ಕೆ ತೆರಳಿ ಥಾಮಸ್ ಎಡಿಸನ್ ಅವರ ಯಂತ್ರ ಕಾರ್ಖಾನೆಯಲ್ಲಿ ದುಡಿದರು. ಅನಂತರ ಇಂಗ್ಲೆಂಡಿನ ಸೀಮೆನ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದರು.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಸೂಕ್ಷ್ಮಯಂತ್ರ ಹಾಗೂ ವಿದ್ಯುತ್ ಉಪಕರಣಗಳ ಸ್ವಂತ ಕಾರ್ಯಾಗಾರವನ್ನು ತೆರೆದರು. ಆಗ ಅವರ ಜೊತೆಗಿದ್ದವರು ಒಬ್ಬ ಕುಶಲಕರ್ಮಿ ಮತ್ತು ಓಡಾಟದ ಕೆಲಸಕ್ಕೆ ಒಬ್ಬ ಹುಡುಗ ಮಾತ್ರ. ದೂರವಾಣಿ, ವಿದ್ಯುತ್ ಗಂಟೆ ಮೊದಲಾದವುಗಳ ದುರಸ್ತಿ ಮತ್ತು ಜೋಡಣೆ ಆರಂಭದ ಕಸುಬಾಗಿತ್ತು. ಮೊದಲ ವರ್ಷಗಳು ಕಷ್ಟದಿಂದ ಕೂಡಿದ್ದವು. 1890ರ ದಶಕದ ಆರಂಭದಲ್ಲಿ ಹೆಚ್ಚಿನ ಕೆಲಸಗಾರರನ್ನು ಬಿಡುಗಡೆ ಮಾಡಬೇಕಾಯಿತು.

ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್

ಗ್ರಾಹಕರೊಬ್ಬರ ಬೇಡಿಕೆಯ ಮೇರೆಗೆ ಬಾಷ್ 1887ರಲ್ಲಿ ಸ್ಥಾವರ ಎಂಜಿನ್ ಒಂದಕ್ಕೆ ಮ್ಯಾಗ್ನೆಟೊ ತಯಾರಿಸಿದರು. ಈ ಸಾಧನ ಅವರ ಸ್ವಂತ ಆವಿಷ್ಕಾರವಲ್ಲ. ಮೊದಲೇ ಬಳಕೆಯಲ್ಲಿದ್ದ ಮಾದರಿಯನ್ನು ಅವರು ಸುಧಾರಿಸಿದರು. ಅಯಸ್ಕಾಂತದ ಧ್ರುವಗಳ ನಡುವೆ ತಂತಿಸುರುಳಿ ಚಲಿಸಿದಾಗ ವಿದ್ಯುತ್ ಉಂಟಾಗುವುದು ಇದರ ತತ್ವ. ಆದ್ದರಿಂದ ಕಿಡಿಗಾಗಿ ಬ್ಯಾಟರಿಯನ್ನು ಅವಲಂಬಿಸಬೇಕಾಗಿರಲಿಲ್ಲ.

1897ರಲ್ಲಿ ಫ್ರೆಡರಿಕ್ ಸಿಮ್ಸ್ ಅವರ ಕೋರಿಕೆಯಂತೆ ಡಿ ಡಿಯೋನ್-ಬೂಟೋನ್ ತ್ರಿಚಕ್ರ ವಾಹನಕ್ಕೆ ಮ್ಯಾಗ್ನೆಟೊ ಅಳವಡಿಸುವ ಪ್ರಯತ್ನ ನಡೆಯಿತು. ವಾಹನದ ಎಂಜಿನ್ ಬಹಳ ವೇಗವಾಗಿ ತಿರುಗುತ್ತಿದ್ದುದರಿಂದ ಹಳೆಯ ವಿನ್ಯಾಸ ಸಾಲಲಿಲ್ಲ. ಭಾರವಾದ ತಂತಿಸುರುಳಿಯ ಬದಲು ಅದರ ಸುತ್ತಲಿನ ಹಗುರ ಕೊಳವೆಯನ್ನು ಚಲಿಸುವ ಉಪಾಯವನ್ನು ಕಾರ್ಯಾಗಾರದ ಆರ್ನಾಲ್ಡ್ ಝೆಹ್ರಿಂಗರ್ ಕಂಡುಕೊಂಡರು. ಬಾಷ್ ಅವರ ಸಹೋದ್ಯೋಗಿ ಗಾಟ್‌ಲೋಬ್ ಹೊನೋಲ್ಡ್ 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ರೂಪಿಸಿದರು. ಸಿಲಿಂಡರಿನೊಳಗೆ ಚಲಿಸುವ ಸಂಪರ್ಕಬಿಂದುಗಳ ತೊಡಕು ಇದರಿಂದ ನಿವಾರಣೆಯಾಯಿತು. ಪ್ಲಗ್‌ನ ತುದಿಯ ಕಿರಿದಾದ ಅಂತರದಲ್ಲಿ ಕಿಡಿ ಹಾರತೊಡಗಿತು.

ಹಳೆಯ ಕಾರುಗಳ ನಡುಕ ಮತ್ತು ದಹನ ವ್ಯವಸ್ಥೆ

ನಾಲ್ಕು ಸಿಲಿಂಡರಿನ ನಾಲ್ಕು-ಹೊಡೆತದ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಬೇಕು. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೂ ಕ್ರ್ಯಾಂಕ್‌ಶಾಫ್ಟ್‌ಗೆ ದೊರೆಯುವ ಬಲ ಅಸಮವಾಗಿ ಕಾರು ನಡುಗುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಮಿಸ್ಸಿಂಗ್ ಎನ್ನುತ್ತಾರೆ.

ಕಾರ್ಬ್ಯುರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರುಗಳಲ್ಲಿ ದೋಷಪತ್ತೆಗೆ ಪ್ಲಗ್‌ಗಳೇ ಮೊದಲ ಸುಳಿವು. ತಿಳಿಗಂದು ಬಣ್ಣದ ತುದಿ ಸಹಜ ದಹನವನ್ನು ಸೂಚಿಸುತ್ತದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿರಬಹುದು ಅಥವಾ ಕಿಡಿ ದುರ್ಬಲವಾಗಿರಬಹುದು. ಎಣ್ಣೆಯ ಜಿಡ್ಡು ಸವೆದ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ನ ಕಡೆ ಬೆರಳು ಮಾಡುತ್ತದೆ. ತೀರಾ ಬಿಳಿಚಿದ ತುದಿ ಅತಿಯಾದ ಶಾಖದ ಗುರುತು. ಕಾಂಟ್ಯಾಕ್ಟ್ ಪಾಯಿಂಟ್‌ಗಳ ಸವೆತ, ಕೆಟ್ಟ ಕಂಡೆನ್ಸರ್, ಬಿರುಕು ಬಿಟ್ಟ ಡಿಸ್ಟ್ರಿಬ್ಯೂಟರ್ ಮುಚ್ಚಳ ಹಾಗೂ ಹಳೆಯ ಪ್ಲಗ್ ತಂತಿಗಳೂ ಇದೇ ಬಗೆಯ ನಡುಕ ಉಂಟುಮಾಡುತ್ತವೆ.

ಎಲ್ಲ ನಡುಕವೂ ಕಿಡಿಯ ದೋಷವಲ್ಲ. ಗೇರ್ ಹಾಕಿ ಕ್ಲಚ್ ಬಿಡುವಾಗ ಮಾತ್ರ ಕಾರು ಅದುರಿದರೆ ಕ್ಲಚ್ ಫಲಕ ಅಥವಾ ಎಂಜಿನ್ ಮೌಂಟಿಂಗ್ ಪರೀಕ್ಷಿಸಬೇಕಾಗುತ್ತದೆ. ನಿಂತಲ್ಲೇ ಅಸಮವಾಗಿ ಓಡುವ ಎಂಜಿನ್‌ನಲ್ಲಿ ಕಿಡಿ, ಇಂಧನ, ಗಾಳಿಯ ಸೋರಿಕೆ ಮತ್ತು ಕಂಪ್ರೆಶನ್ ಈ ನಾಲ್ಕನ್ನೂ ಒಂದೊಂದಾಗಿ ನೋಡುವುದು ರೂಢಿ.

ಡೀಸೆಲ್ ಇಂಧನ ಪಂಪ್

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಆದರೆ ಅಳತೆ ಮಾಡಿದ ಇಂಧನವನ್ನು ಅಧಿಕ ಒತ್ತಡದಲ್ಲಿ ಸಕಾಲಕ್ಕೆ ಚಿಮ್ಮಿಸಬೇಕು. ಬಾಷ್ ಸಂಸ್ಥೆ 1927ರಲ್ಲಿ ಇದಕ್ಕಾಗಿ ಇಂಜೆಕ್ಷನ್ ಪಂಪ್‌ಗಳ ಸರಣಿ ಉತ್ಪಾದನೆ ಆರಂಭಿಸಿತು. ಇದರಿಂದ ಲಾರಿಗಳಲ್ಲಿ ಡೀಸೆಲ್ ಎಂಜಿನ್ ಬಳಕೆ ಸುಗಮವಾಯಿತು.

ಉದ್ಯೋಗದಾತರಾಗಿ

ಬಾಷ್ 1906ರಲ್ಲಿ ತಮ್ಮ ಕಾರ್ಖಾನೆಯಲ್ಲಿ ಎಂಟು ಗಂಟೆಗಳ ಕೆಲಸದ ದಿನವನ್ನು ಜಾರಿಗೆ ತಂದರು. ಆ ಕಾಲದ ಜರ್ಮನಿಯಲ್ಲಿ ಇದು ಅಪರೂಪದ ಕ್ರಮವಾಗಿತ್ತು. ಹಾಗಿದ್ದರೂ 1913ರಲ್ಲಿ ಅವರ ಕಾರ್ಖಾನೆ ದೊಡ್ಡ ಮುಷ್ಕರವನ್ನು ಎದುರಿಸಿತು. ಮೊದಲ ಮಹಾಯುದ್ಧದ ಅವಧಿಯ ಲಾಭದಿಂದ ಅವರು ನೆಕ್ಕರ್ ನದಿಯ ಕಾಲುವೆ ಯೋಜನೆಯೂ ಸೇರಿದಂತೆ ಸಾರ್ವಜನಿಕ ಕಾರ್ಯಗಳಿಗೆ ದೊಡ್ಡ ಮೊತ್ತ ನೀಡಿದರು. ಹೋಮಿಯೋಪಥಿಯಲ್ಲಿ ಒಲವಿದ್ದ ಅವರು ಸ್ಥಾಪಿಸಿದ ಆಸ್ಪತ್ರೆ 1940ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಆರಂಭವಾಯಿತು.

ನಾಜಿ ಆಡಳಿತದ ಕಾಲ

ಈ ಅವಧಿ ಅವರ ಬದುಕಿನ ಅತ್ಯಂತ ಜಟಿಲ ಅಧ್ಯಾಯ. ಬಾಷ್ ಮತ್ತು ಅವರ ಆಪ್ತರು ಕಿರುಕುಳಕ್ಕೆ ಒಳಗಾದ ಯಹೂದಿಗಳಿಗೆ ನೆರವಾದರು; ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್ ಅವರನ್ನು ಸಂಸ್ಥೆಯ ಸಲಹೆಗಾರರನ್ನಾಗಿ ನೇಮಿಸಿ ಅವರ ಚಟುವಟಿಕೆಗೆ ಆಸರೆಯಾದರು. ಅದೇ ವೇಳೆ ಸಂಸ್ಥೆಯು ಜರ್ಮನ್ ಸೇನೆಗೆ ಉಪಕರಣಗಳನ್ನು ತಯಾರಿಸಿತು ಮತ್ತು ಯುದ್ಧಕಾಲದಲ್ಲಿ ಬಲವಂತದ ಕಾರ್ಮಿಕರನ್ನು ದುಡಿಸಿಕೊಂಡಿತು.

ಖಾಸಗಿ ಜೀವನ ಮತ್ತು ಮರಣ

1887ರಲ್ಲಿ ಬಾಷ್ ಅನ್ನಾ ಕೈಸರ್ ಅವರನ್ನು ವಿವಾಹವಾದರು. ಉತ್ತರಾಧಿಕಾರಿಯಾಗಬೇಕಿದ್ದ ಮಗ ರಾಬರ್ಟ್ ದೀರ್ಘಕಾಲದ ಕಾಯಿಲೆಯಿಂದ 1921ರಲ್ಲಿ ನಿಧನರಾದರು. ಈ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡ ಬಳಿಕ, 1927ರಲ್ಲಿ ಮಾರ್ಗರೆಟೆ ವೋರ್ಟ್ಸ್ ಅವರನ್ನು ವರಿಸಿದರು. 1942ರ ಮಾರ್ಚ್ 12ರಂದು ಸ್ಟುಟ್‌ಗಾರ್ಟ್‌ನಲ್ಲಿ ಬಾಷ್ ನಿಧನರಾದರು. ನಾಜಿ ಸರ್ಕಾರ ಅವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಏರ್ಪಡಿಸಿತು.

ಕರ್ನಾಟಕದೊಂದಿಗಿನ ನಂಟು

ಬಾಷ್ ಅವರ ಮರಣಾನಂತರ, 1951ರಲ್ಲಿ ಭಾರತದಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಅದರ ಸಂಕ್ಷಿಪ್ತ ರೂಪ ಮೈಕೋ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಜೆಕ್ಷನ್ ಉಪಕರಣಗಳು ತಯಾರಾದವು. ನಗರದ ಮೈಕೋ ಲೇಔಟ್ ಈ ಹೆಸರನ್ನು ಉಳಿಸಿಕೊಂಡಿದೆ. ಸಂಸ್ಥೆಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಹೊನ್ನವಳ್ಳಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ತೆಂಗಿನ ಸೀಮೆಯಿಂದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಸಾಗಿಸುವ ಡೀಸೆಲ್ ಲಾರಿಯೂ ಸಕಾಲಕ್ಕೆ ಇಂಧನ ಚಿಮ್ಮಿಸುವ ಇದೇ ತತ್ವವನ್ನು ಅವಲಂಬಿಸಿದೆ.

ಪರಂಪರೆ

ಬಾಷ್ ಅವರ ಉಯಿಲಿನ ಆಶಯದಂತೆ 1964ರಿಂದ ಸಂಸ್ಥೆಯ ಬಂಡವಾಳದ ಬಹುಪಾಲು ದತ್ತಿ ಪ್ರತಿಷ್ಠಾನದ ಒಡೆತನಕ್ಕೆ ಸೇರಿತು. ಇದರ ಲಾಭಾಂಶವು ಆರೋಗ್ಯ, ಶಿಕ್ಷಣ ಮೊದಲಾದ ಸಾರ್ವಜನಿಕ ಕಾರ್ಯಗಳಿಗೆ ಬಳಕೆಯಾಗುತ್ತದೆ. ವೃತ್ತದೊಳಗೆ ಮ್ಯಾಗ್ನೆಟೊದ ತಿರುಗುವ ಭಾಗವನ್ನು ತೋರಿಸುವ, ಹೊನೋಲ್ಡ್ ವಿನ್ಯಾಸಗೊಳಿಸಿದ ಚಿಹ್ನೆಯೇ ಇಂದಿಗೂ ಸಂಸ್ಥೆಯ ಲಾಂಛನವಾಗಿದೆ.