ವೇಷದ ಹಿಂದಿನ ಮನುಷ್ಯ: ಕ್ಯಾಪ್ಟನ್ ವಿಲಿಯಂ ಕಿಡ್

ಪ್ರತಿವರ್ಷ ಸೆಪ್ಟೆಂಬರ್ 19ರಂದು ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಒಂದು ವಿನೋದದ ಆಚರಣೆ ನಡೆಯುತ್ತದೆ. ಅಂದು ಮಕ್ಕಳೂ ದೊಡ್ಡವರೂ ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ, ಮೂರು ಮೂಲೆಯ ಟೋಪಿ ತೊಟ್ಟು, ಹೆಗಲ ಮೇಲೆ ಗಿಳಿಯ ಬೊಂಬೆಯನ್ನು ಕೂರಿಸಿಕೊಂಡು ಕಡಲ್ಗಳ್ಳರಂತೆ ಮಾತನಾಡುತ್ತಾರೆ. ರಕಾರವನ್ನು ಎಷ್ಟು ಎಳೆದು ಗುಡುಗಿದರೆ ಅಷ್ಟು ಚೆನ್ನು. 1995ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಇಬ್ಬರು ಗೆಳೆಯರು ಆಟದ ನಡುವೆ ತಮಾಷೆಗೆಂದು ಹುಟ್ಟಿಸಿದ ಈ ದಿನವು, 2002ರಲ್ಲಿ ಡೇವ್ ಬ್ಯಾರಿ ಎಂಬ ಹಾಸ್ಯ ಅಂಕಣಕಾರನು ಅದರ ಬಗ್ಗೆ ಬರೆದ ಮೇಲೆ ಲೋಕಕ್ಕೆಲ್ಲ ಪರಿಚಿತವಾಯಿತು.

ನವರಾತ್ರಿಯಲ್ಲಿ ಮನೆಯಂಗಳಕ್ಕೆ ಬರುವ ವೇಷಗಳನ್ನು ನೋಡುತ್ತ ಬೆಳೆದ ನಮಗೆ ಈ ಸಂತೋಷವು ಹೊಸತೇನೂ ಅಲ್ಲ. ಹುಲಿಯ ಹೆಸರು ಕೇಳಿದರೆ ನಡುಗುವ ಮಗುವೇ ಹುಲಿವೇಷದ ಹಿಂದೆ ಊರೆಲ್ಲ ಸುತ್ತುತ್ತದೆ. ಯಕ್ಷಗಾನದ ಬಣ್ಣದ ವೇಷವು ಅಬ್ಬರಿಸುತ್ತ ರಂಗಕ್ಕೆ ಬಂದಾಗ ನಾವು ಹೆದರುತ್ತಲೇ ಆನಂದಿಸುತ್ತೇವೆ. ಭಯವು ವೇಷವಾದಾಗ ಅದು ಆಟವಾಗುತ್ತದೆ. ಆದರೆ ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ಅಲ್ಲೊಬ್ಬ ಮನುಷ್ಯನಿರುತ್ತಾನೆ. ಈ ಕಡಲ್ಗಳ್ಳನ ವೇಷದ ಹಿಂದೆಯೂ ಹಾಗೆ ಒಬ್ಬನಿದ್ದಾನೆ. ಅವನ ಹೆಸರು ವಿಲಿಯಂ ಕಿಡ್.

ಆ ದಿನದ ಮಾತಿನ ಧಾಟಿ ಕಿಡ್‌ನದಲ್ಲ. 1950ರ ‘ಟ್ರೆಷರ್ ಐಲ್ಯಾಂಡ್’ ಚಲನಚಿತ್ರದಲ್ಲಿ ರಾಬರ್ಟ್ ನ್ಯೂಟನ್ ಎಂಬ ನಟನು ಇಂಗ್ಲೆಂಡಿನ ನೈಋತ್ಯ ಭಾಗದ ಆಡುನುಡಿಯನ್ನು ಉಪಯೋಗಿಸಿದನು. ಅದೇ ಕಡಲ್ಗಳ್ಳರ ಭಾಷೆ ಎಂದು ಜನ ನಂಬಿದರು. ಆದರೆ ಮರಳಿನಡಿ ಹೂತಿಟ್ಟ ನಿಧಿ ಎಂಬ ಕಲ್ಪನೆಯು ಬೆಳೆದದ್ದು ಬಹುಮಟ್ಟಿಗೆ ಕಿಡ್‌ನ ಬಾಳಿನ ಒಂದು ಘಟನೆಯ ಸುತ್ತ. ಆ ಬಾಳು ಒಮ್ಮೆ ನಮ್ಮ ಪಡುಗಡಲ ತೀರವನ್ನೂ ಮುಟ್ಟಿಹೋಗಿದೆ.

ಕಿಡ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. 1689ರ ಹೊತ್ತಿಗೆ ಅವನು ಕೆರಿಬಿಯನ್ ಸಮುದ್ರದಲ್ಲಿ ‘ಬ್ಲೆಸೆಡ್ ವಿಲಿಯಂ’ ಎಂಬ ಹಡಗಿನ ನಾಯಕನಾಗಿದ್ದನು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಕಾಲವದು. ಶತ್ರುದೇಶದ ಹಡಗುಗಳನ್ನು ಹಿಡಿಯಲು ಸರಕಾರವು ಖಾಸಗಿ ಹಡಗುಗಳಿಗೆ ಸನ್ನದು ಕೊಡುತ್ತಿತ್ತು. ಸನ್ನದು ಇದ್ದವನು ಯೋಧ, ಇಲ್ಲದವನು ಕಳ್ಳ. ಇಬ್ಬರೂ ಮಾಡುತ್ತಿದ್ದ ಕೆಲಸ ಒಂದೇ. ನಡುವಿನ ವ್ಯತ್ಯಾಸ ಒಂದು ಹಾಳೆ ಕಾಗದ. ಕಿಡ್ ಆ ಕಾಗದದ ಬಲದಿಂದ ಇಂಗ್ಲಿಷರ ಪರವಾಗಿ ಹೋರಾಡಿದನು. ಆದರೆ ಅವನ ನಾವಿಕರಿಗೆ ಯುದ್ಧಕ್ಕಿಂತ ಕೊಳ್ಳೆಯೇ ಪ್ರಿಯವಾಗಿತ್ತು. 1690ರಲ್ಲಿ ಆಂಟಿಗುವಾದಲ್ಲಿ ಅವನು ದಡದಲ್ಲಿದ್ದ ಸಮಯ ನೋಡಿ ರಾಬರ್ಟ್ ಕಲಿಫರ್ಡ್ ಎಂಬವನೂ ಸಂಗಡಿಗರೂ ಹಡಗನ್ನೇ ಕದ್ದೊಯ್ದರು. ಈ ಕಲಿಫರ್ಡ್‌ನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಮರುವರ್ಷ ಕಿಡ್ ನ್ಯೂಯಾರ್ಕ್ ಸೇರಿದನು. ಅಲ್ಲಿನ ಹೊಸ ಗವರ್ನರನಿಗೆ ದಂಗೆಯನ್ನಡಗಿಸಲು ನೆರವಾಗಿ 150 ಪೌಂಡುಗಳ ಬಹುಮಾನ ಪಡೆದನು. 1691ರ ಮೇ ತಿಂಗಳಲ್ಲಿ ಸಾರಾ ಎಂಬ ಸಿರಿವಂತ ವಿಧವೆಯನ್ನು ಮದುವೆಯಾದನು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಊರಿನಲ್ಲಿ ಟ್ರಿನಿಟಿ ಚರ್ಚನ್ನು ಕಟ್ಟುವಾಗ ಕಲ್ಲೆತ್ತಲು ತನ್ನ ಹಡಗಿನ ರಾಟೆ ಹಗ್ಗಗಳನ್ನು ಕೊಟ್ಟನು. ಮನೆ, ಮಡದಿ, ಮರ್ಯಾದೆ ಎಲ್ಲವೂ ಇದ್ದ ಈ ಗೃಹಸ್ಥನು ಅಲ್ಲಿಗೇ ನಿಂತಿದ್ದರೆ ಅವನ ಹೆಸರು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ.

1695ರಲ್ಲಿ ಅವನು ಲಂಡನ್ನಿಗೆ ಹೋದನು. ಅಲ್ಲಿ ಬೆಲ್ಲೊಮಾಂಟ್ ಎಂಬ ಸರದಾರನ ಮೂಲಕ ಒಂದು ಯೋಜನೆ ಸಿದ್ಧವಾಯಿತು. ಹಿಂದೂ ಮಹಾಸಾಗರದ ಕಡಲ್ಗಳ್ಳರನ್ನೂ ಫ್ರೆಂಚ್ ಹಡಗುಗಳನ್ನೂ ಹಿಡಿಯುವುದು, ಸಿಕ್ಕ ಸೊತ್ತನ್ನು ಹಂಚಿಕೊಳ್ಳುವುದು. ಹಣ ಹಾಕಿದವರಲ್ಲಿ ಆಳುವ ವಿಗ್ ಪಕ್ಷದ ಅತಿ ದೊಡ್ಡ ಸರದಾರರಿದ್ದರು. ಅವರು ತಮ್ಮ ಹೆಸರುಗಳನ್ನು ಮರೆಯಲ್ಲಿಟ್ಟರು. ದೊರೆ ಮೂರನೆಯ ವಿಲಿಯಂನಿಗೂ ಹತ್ತರಲ್ಲೊಂದು ಪಾಲು. ಕಿಡ್‌ನ ಕೈಗೆ ರಾಜಮುದ್ರೆಯ ಸನ್ನದು ಬಂತು. 34 ಫಿರಂಗಿಗಳ, ಹಾಯಿಗಳ ಜೊತೆಗೆ ಹುಟ್ಟುಗಳನ್ನೂ ಹೊಂದಿದ್ದ ‘ಅಡ್ವೆಂಚರ್ ಗ್ಯಾಲಿ’ ಎಂಬ ಹೊಸ ಹಡಗು ಸಿದ್ಧವಾಯಿತು. ನಾವಿಕರಿಗೆ ಸಂಬಳವಿಲ್ಲ, ಬೇಟೆ ಸಿಕ್ಕಿದರೆ ಪಾಲು, ಸಿಗದಿದ್ದರೆ ಬರಿಗೈ. ಕಡಲ್ಗಳ್ಳರನ್ನು ಹಿಡಿಯಲು ಹೊರಟವರನ್ನು ಕಡಲ್ಗಳ್ಳರಾಗಿಸುವ ಬೀಜವು ಈ ಕರಾರಿನಲ್ಲಿಯೇ ಅಡಗಿತ್ತು.

1696ರಲ್ಲಿ ಹಡಗು ಹೊರಡುತ್ತಲೇ ವಿಘ್ನಗಳು ಎದುರಾದವು. ನೌಕಾಪಡೆಯವರು ಅವನು ಆರಿಸಿಕೊಂಡ ಒಳ್ಳೆಯ ನಾವಿಕರಲ್ಲಿ ಹಲವರನ್ನು ಬಲವಂತವಾಗಿ ಎಳೆದೊಯ್ದರು. ಆ ಜಾಗವನ್ನು ಅವನು ನ್ಯೂಯಾರ್ಕಿನಲ್ಲಿ ಸಿಕ್ಕಸಿಕ್ಕವರಿಂದ ತುಂಬಿಕೊಂಡನು. ಕೊಮೊರೊ ದ್ವೀಪಗಳ ಬಳಿ ರೋಗ ತಗಲಿ ಬಹಳ ಮಂದಿ ಸತ್ತರು. ಹೊಸ ಹಡಗು ಸೋರತೊಡಗಿತು. ಹುಡುಕಹೊರಟ ಕಡಲ್ಗಳ್ಳರು ಮಾತ್ರ ಎಲ್ಲಿಯೂ ಕಾಣಲಿಲ್ಲ. 1697ರ ಆಗಸ್ಟಿನಲ್ಲಿ ಅವನು ಕೆಂಗಡಲ ಬಾಯಿಯಲ್ಲಿ ಕಾದು ಕುಳಿತು, ಮೋಕಾದಿಂದ ಹೊರಟ ಹಡಗುಗಳ ಗುಂಪಿನ ಮೇಲೆ ಬಿದ್ದನು. ಕಾವಲಿಗಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಹಡಗು ಅವನನ್ನು ಹಿಮ್ಮೆಟ್ಟಿಸಿತು. ಅವನ ಸನ್ನದು ಈ ಕೆಲಸಕ್ಕೆ ಅಪ್ಪಣೆ ಕೊಟ್ಟಿರಲಿಲ್ಲ. ದಾರಿ ತಪ್ಪಿದ್ದು ಇಲ್ಲಿಯೇ.

ಅಲ್ಲಿಂದ ಅವನು ಭಾರತದ ಪಡುವಣ ಕರಾವಳಿಗೆ ಬಂದನು. ದಾರಿಯಲ್ಲಿ ಸಿಕ್ಕ ಸಣ್ಣ ವ್ಯಾಪಾರದ ಹಡಗೊಂದನ್ನು ಹಿಡಿದು, ಹಣವೆಲ್ಲಿದೆಯೆಂದು ತಿಳಿಯಲು ಅದರ ನಾವಿಕರನ್ನು ಹೊಡೆಸಿದನು. ಸೆಪ್ಟೆಂಬರಿನಲ್ಲಿ ಸೌದೆ ನೀರುಗಳಿಗಾಗಿ ಕಾರವಾರದಲ್ಲಿ ಲಂಗರು ಹಾಕಿದನು. ಇಂದು ವಿನೋದಕ್ಕಾಗಿ ಕಡಲ್ಗಳ್ಳರ ದಿನವನ್ನು ಆಚರಿಸುವ ತಿಂಗಳೂ ಅದೇ ಎಂಬುದು ಕಾಕತಾಳೀಯ. ಕಾರವಾರದಲ್ಲಿ ಕಂಪೆನಿಯ ಕೋಠಿಯಿತ್ತು. ಕಿಡ್‌ನ ಕೈಕೆಳಗೆ ಇರಲೊಲ್ಲದ ಕೆಲವರು ಹಡಗು ಬಿಟ್ಟು ಓಡಿದರು. ಅವರಲ್ಲೊಬ್ಬನಾದ ಬೆಂಜಮಿನ್ ಫ್ರಾಂಕ್ಸ್ ಎಂಬ ರತ್ನದ ವ್ಯಾಪಾರಿಯು ಮುಂದಿನ ತಿಂಗಳು ಮುಂಬಯಿಯಲ್ಲಿ ಕಂಡದ್ದನ್ನೆಲ್ಲ ಹೇಳಿಕೆಯಾಗಿ ಬರೆಯಿಸಿದನು. ಕಿಡ್ ದಾರಿ ಬಿಟ್ಟನೆಂಬ ಸುದ್ದಿಯು ಹೀಗೆ ಕಾರವಾರದ ತೀರದಿಂದ ಕಂಪೆನಿಯ ಕಡತಗಳನ್ನು ಸೇರಿತು. ಗೋವೆಯಿಂದ ಬೆನ್ನಟ್ಟಿದ ಎರಡು ಪೋರ್ಚುಗೀಸ್ ಹಡಗುಗಳೊಡನೆ ಕಾದಾಡಿ ಅವನು ತೆಂಕಣಕ್ಕೆ ಸರಿದನು. ಮಲಬಾರಿನ ಕಡೆಯ ಒಂದು ದ್ವೀಪದಲ್ಲಿ ತನ್ನವನೊಬ್ಬ ಕೊಲೆಯಾದಾಗ ಅವನು ದ್ವೀಪದವರ ಮನೆಗಳನ್ನು ಸುಡಿಸಿದನೆಂದು ಮುಂದೆ ವಿಚಾರಣೆಯಲ್ಲಿ ಸಾಕ್ಷಿಗಳು ನುಡಿದರು. ಆ ಮನೆಗಳಲ್ಲಿ ಬಾಳಿದವರ ಹೆಸರುಗಳು ಯಾವ ಕತೆಯಲ್ಲೂ ಇಲ್ಲ.

ಹಡಗಿನೊಳಗೆ ಅಸಮಾಧಾನ ಕುದಿಯುತ್ತಿತ್ತು. ಅಕ್ಟೋಬರ್ ಕೊನೆಯಲ್ಲಿ ವಿಲಿಯಂ ಮೂರ್ ಎಂಬ ಗೋಲಂದಾಜನು ತಾವೆಲ್ಲ ಹಾಳಾದದ್ದು ಕಿಡ್‌ನಿಂದಲೇ ಎಂದು ಮುಖಕ್ಕೆ ಮುಖ ಕೊಟ್ಟು ದೂರಿದನು. ಕಿಡ್ ಸಿಟ್ಟಿನಿಂದ ಕಬ್ಬಿಣದ ಪಟ್ಟಿ ಹಾಕಿದ ಬಕೆಟ್ಟನ್ನೆತ್ತಿ ಅವನ ತಲೆಗೆ ಹೊಡೆದನು. ಮರುದಿನ ಮೂರ್ ಸತ್ತನು. ತೋಡಿಕೊಳ್ಳಲು ಬಂದ ಆಳಿನ ಮೇಲೆ ಕೈಯೆತ್ತಿದ ಆ ಒಂದು ಕ್ಷಣವೇ ಮುಂದೆ ಅವನ ಕೊರಳಿಗೆ ಸುತ್ತಿಕೊಂಡಿತು.

1698ರ ಜನವರಿ 30ರಂದು ಮಲಬಾರ್ ತೀರದಾಚೆ ‘ಕ್ವೆಡಾ ಮರ್ಚೆಂಟ್’ ಎಂಬ ದೊಡ್ಡ ಹಡಗು ಸಿಕ್ಕಿತು. ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು, ಪೆಟ್ಲುಪ್ಪು ಮೊದಲಾದವುಗಳಿಂದ ಅದು ತುಂಬಿತ್ತು. ಸರಕು ಅರ್ಮೇನಿಯನ್ ವ್ಯಾಪಾರಿಗಳದು; ಔರಂಗಜೇಬನ ಆಸ್ಥಾನದ ಒಬ್ಬ ಅಮೀರನಿಗೂ ಅದರಲ್ಲಿ ಪಾಲಿತ್ತು. ಅಂದಿನ ವ್ಯಾಪಾರಿಗಳು ರಕ್ಷಣೆಗಾಗಿ ಹಲವು ದೇಶಗಳ ರಹದಾರಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಕಿಡ್ ಫ್ರೆಂಚ್ ಬಾವುಟವನ್ನೇರಿಸಿದ್ದನ್ನು ನಂಬಿ ಆ ಹಡಗಿನವರು ಫ್ರೆಂಚ್ ರಹದಾರಿಯನ್ನು ತೋರಿಸಿದರು. ಫ್ರೆಂಚ್ ರಹದಾರಿಯುಳ್ಳ ಹಡಗು ಶತ್ರುವಿನ ಹಡಗು ಎಂಬ ವಾದ ಹಿಡಿದು ಕಿಡ್ ಅದನ್ನು ವಶಪಡಿಸಿಕೊಂಡನು. ಎರಡು ತಿಂಗಳ ಹಿಂದೆ ಹಿಡಿದಿದ್ದ ಇನ್ನೊಂದು ಹಡಗಿನ ಫ್ರೆಂಚ್ ರಹದಾರಿಯೂ ಅವನ ಬಳಿಯಿತ್ತು. ಎರಡನ್ನೂ ಅವನು ಜೋಪಾನವಾಗಿ ಕಾಪಾಡಿಕೊಂಡನು.

ಏಪ್ರಿಲಿನಲ್ಲಿ ಮಡಗಾಸ್ಕರ್ ಬಳಿಯ ದ್ವೀಪಕ್ಕೆ ಬಂದಾಗ ಅಲ್ಲಿ ಕೊನೆಗೂ ನಿಜವಾದ ಕಡಲ್ಗಳ್ಳನೊಬ್ಬ ಎದುರಾದನು. ಅವನು ಬೇರೆ ಯಾರೂ ಅಲ್ಲ, ಎಂಟು ವರ್ಷಗಳ ಹಿಂದೆ ಹಡಗು ಕದ್ದಿದ್ದ ಅದೇ ಕಲಿಫರ್ಡ್! ಕಿಡ್‌ನ ನಾವಿಕರು ಅವನನ್ನು ಹಿಡಿಯುವುದಿರಲಿ, ಹೆಚ್ಚಿನವರು ಅವನ ಕಡೆಗೇ ಸೇರಿಕೊಂಡರು. ಸೋರುವ ‘ಅಡ್ವೆಂಚರ್ ಗ್ಯಾಲಿ’ಯನ್ನು ಬಿಟ್ಟು, ಉಳಿದ ಕೆಲವೇ ಮಂದಿಯೊಡನೆ ಕಿಡ್ ‘ಕ್ವೆಡಾ ಮರ್ಚೆಂಟ್’ ಹತ್ತಿ ಮನೆಯ ಕಡೆ ಹೊರಟನು.

1699ರ ಏಪ್ರಿಲಿನಲ್ಲಿ ಕೆರಿಬಿಯನ್ ತಲುಪಿದಾಗ ತಾನು ಕಡಲ್ಗಳ್ಳನೆಂದು ಘೋಷಿತನಾದದ್ದು ತಿಳಿಯಿತು. ಮೊಗಲರ ಕೋಪ ಸೂರತ್ತಿನ ಕಂಪೆನಿಯ ಮೇಲೆ, ಕಂಪೆನಿಯ ಕೋಪ ಲಂಡನ್ ಸರಕಾರದ ಮೇಲೆ, ಸರಕಾರದ ಕೋಪ ಕಿಡ್‌ನ ಮೇಲೆ ಬಿದ್ದಿತ್ತು. ಕಡಲ್ಗಳ್ಳರಿಗೆ ಕ್ಷಮೆ ನೀಡಿದ ರಾಜಘೋಷಣೆಯು ಅವನ ಹೆಸರು ಹೇಳಿ ಅವನನ್ನು ಹೊರಗಿಟ್ಟಿತ್ತು. ಆದರೂ ಅವನು ಓಡಿಹೋಗಲಿಲ್ಲ. ಬೆಲ್ಲೊಮಾಂಟ್ ಈಗ ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್ ಪ್ರಾಂತಗಳ ಗವರ್ನರ್. ಯೋಜನೆಯ ಪಾಲುದಾರ ಕೈಬಿಡಲಾರನೆಂದು ನಂಬಿದನು. ಹೋಗುವ ದಾರಿಯಲ್ಲಿ ಗಾರ್ಡಿನರ್ಸ್ ದ್ವೀಪದಲ್ಲಿ, ದ್ವೀಪದ ಒಡೆಯನಿಗೆ ತಿಳಿಸಿಯೇ, ಚಿನ್ನ ಬೆಳ್ಳಿಗಳ ಒಂದು ಭಾಗವನ್ನು ಹೂತಿಟ್ಟನು. ಚೌಕಾಸಿಗೆ ಕೈಯಲ್ಲಿ ಏನಾದರೂ ಇರಲೆಂಬುದು ಅವನ ಎಣಿಕೆ. ಜುಲೈ 6ರಂದು ಬಾಸ್ಟನ್‌ನಲ್ಲಿ ಅವನ ಬಂಧನವಾಯಿತು. ಹೂತಿಟ್ಟದ್ದನ್ನು ಗವರ್ನರನು ಕೆಲವೇ ವಾರಗಳಲ್ಲಿ ತರಿಸಿಕೊಂಡನು. ನಿಧಿಯ ನಿಜಕತೆ ಇಷ್ಟೇ. ಮುಂದಿನದೆಲ್ಲ ಜನರ ಆಸೆಯ ಕೆಲಸ.

ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿ ಅವನು ಒಂದು ವರ್ಷಕ್ಕೂ ಮಿಕ್ಕಿ ಕೊಳೆತನು. 1701ರ ಮಾರ್ಚಿನಲ್ಲಿ ಪಾರ್ಲಿಮೆಂಟು ಅವನನ್ನು ಕರೆಸಿತು. ವಿಗ್ ಸರದಾರರ ಹೆಸರು ಕೆಡಿಸಲು ಅವನ ಬಾಯಿಂದ ಒಂದು ಮಾತು ಬರಲೆಂದು ಎದುರು ಪಕ್ಷದವರು ಕಾದಿದ್ದರು. ಕಿಡ್ ಅವರನ್ನು ದೂರದೆ, ತಾನು ನಿರಪರಾಧಿಯೆಂದಷ್ಟೇ ವಾದಿಸಿದನು. ಒಂದು ಪಕ್ಷಕ್ಕೆ ಬೇಡವಾದನು, ಇನ್ನೊಂದಕ್ಕೆ ಉಪಯೋಗವಿಲ್ಲದವನಾದನು. ಮೇ 8 ಮತ್ತು 9ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಮೂರ್‌ನ ಕೊಲೆ, ಜೊತೆಗೆ ಕಡಲ್ಗಳ್ಳತನ ಎಂಬುದು ಆರೋಪ. ಅವನ ಆಸರೆಯಾಗಿದ್ದ ಎರಡು ಫ್ರೆಂಚ್ ರಹದಾರಿಗಳನ್ನು ಬೆಲ್ಲೊಮಾಂಟ್ ಲಂಡನ್ನಿಗೆ ಕಳುಹಿಸಿದ್ದನು. ಕಿಡ್ ಎಷ್ಟು ಬೇಡಿದರೂ ಅವು ನ್ಯಾಯಾಲಯಕ್ಕೆ ಬರಲಿಲ್ಲ. ತಪ್ಪಿತಸ್ಥನೆಂದು ತೀರ್ಪಾಯಿತು. ಕಲಿಫರ್ಡ್ ಕೂಡ ಅದೇ ಕಾಲದಲ್ಲಿ ಸಿಕ್ಕಿಬಿದ್ದಿದ್ದನು. ಅವನು ಪ್ರಾಣ ಉಳಿಸಿಕೊಂಡನು.

1701ರ ಮೇ 23ರಂದು ಥೇಮ್ಸ್ ನದಿಯ ದಡದ ವಾಪಿಂಗ್‌ನಲ್ಲಿ ಕಿಡ್‌ನನ್ನು ಗಲ್ಲಿಗೇರಿಸಿದರು. ಮೊದಲ ಸಲ ಹಗ್ಗ ತುಂಡಾಗಿ ಅವನು ನೆಲಕ್ಕೆ ಬಿದ್ದನು; ಎಬ್ಬಿಸಿ ಮತ್ತೆ ಏರಿಸಿದರು. ಬಂದುಹೋಗುವ ನಾವಿಕರಿಗೆ ಎಚ್ಚರಿಕೆಯಾಗಲೆಂದು ಹೆಣವನ್ನು ಟಿಲ್ಬರಿಯಲ್ಲಿ ಬಹುಕಾಲ ತೂಗಹಾಕಿದರು. ಅವನ ಸೊತ್ತಿನಿಂದ ಬಂದ ಹಣವು ಗ್ರಿನಿಚ್ಚಿನಲ್ಲಿ ನಾವಿಕರಿಗಾಗಿ ಕಟ್ಟುತ್ತಿದ್ದ ಧರ್ಮಸಂಸ್ಥೆಗೆ ಸೇರಿತು. ಸಾರಾ ಮತ್ತೆ ಮದುವೆಯಾಗಿ 1744ರವರೆಗೆ ಬಾಳಿದಳು. ಕಾಣೆಯಾಗಿದ್ದ ರಹದಾರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಸರಕಾರಿ ದಾಖಲೆಗಳ ನಡುವೆ ಸಿಕ್ಕವು. 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕಡಲಿನಲ್ಲಿ ‘ಕ್ವೆಡಾ ಮರ್ಚೆಂಟ್’ನ ಅವಶೇಷವೂ ಪತ್ತೆಯಾಯಿತು.

ಆ ರಹದಾರಿಗಳು ಸಮಯಕ್ಕೆ ಬಂದಿದ್ದರೂ ಮೂರ್‌ನ ಸಾವಾಗಲಿ, ಸುಟ್ಟ ಮನೆಗಳಾಗಲಿ, ಹೊಡೆತ ತಿಂದ ನಾವಿಕರಾಗಲಿ ಸುಳ್ಳಾಗುತ್ತಿರಲಿಲ್ಲ. ಕಿಡ್ ನಿರ್ದೋಷಿಯಲ್ಲ. ಆದರೆ ಅವನ ದೋಷದಲ್ಲಿ ಪಾಲು ಬಯಸಿದ್ದ ಸರದಾರರಲ್ಲಿ ಒಬ್ಬನೂ ಗಲ್ಲಿಗೇರಲಿಲ್ಲ ಎಂಬುದೂ ಅಷ್ಟೇ ನಿಜ. ಕಡಲು, ಕಳ್ಳ ಎಂಬ ಎರಡು ಪದಗಳು ಸೇರಿ ಕಡಲ್ಗಳ್ಳ ಆಗುವಾಗ ಕಕಾರವು ಗಕಾರವಾಗುವುದನ್ನು ನಾವು ವ್ಯಾಕರಣದ ತರಗತಿಯಲ್ಲಿ ಆದೇಶ ಸಂಧಿಯೆಂದು ಕಲಿಯುತ್ತೇವೆ. ಆ ಪದವನ್ನು ಯಾರು, ಯಾರ ಮೇಲೆ, ಯಾವಾಗ ಹೊರಿಸುತ್ತಾರೆ ಎಂಬುದನ್ನು ಕಿಡ್‌ನ ಬಾಳು ಕಲಿಸುತ್ತದೆ. ಬದುಕಿರುವವರೆಗೆ ಅವನು ಬೇಡವೆಂದ ಹೆಸರೇ ಸತ್ತ ಮೇಲೆ ಅವನಿಗೆ ಉಳಿಯಿತು.

ಬರುವ ಸೆಪ್ಟೆಂಬರ್ 19ರಂದು ಯಾರಾದರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಎದುರು ಬಂದರೆ ನಾವೂ ನಗೋಣ, ಮನಸ್ಸಾದರೆ ಅವರೊಡನೆ ಗುಡುಗೋಣ. ಬಣ್ಣ ತೊಳೆದ ಮೇಲೆ, 1697ರ ಸೆಪ್ಟೆಂಬರಿನಲ್ಲಿ ಕಾರವಾರದ ಎದುರಿಗೆ ಸೋರುವ ಹಡಗಿನಲ್ಲಿ ನಿಂತಿದ್ದ ಆ ಮನುಷ್ಯನನ್ನೂ, ಅವನ ಕೈಯಿಂದ ನೊಂದ ಹೆಸರಿಲ್ಲದವರನ್ನೂ ಒಮ್ಮೆ ನೆನೆಯೋಣ.