ಭೂಮಿಯನ್ನು ತೂಗಿದ ಮೌನಿ

ಒಂದು ಕಲ್ಲಿನ ಸಾಂದ್ರತೆಯನ್ನು ಕಂಡುಹಿಡಿಯುವುದು ಪ್ರಯೋಗಶಾಲೆಯಲ್ಲಿ ನಾವೆಲ್ಲರೂ ಕಲಿಯುವ ಪಾಠ. ಕಲ್ಲನ್ನು ತಕ್ಕಡಿಯಲ್ಲಿ ತೂಗಬೇಕು. ಬಳಿಕ ಅಳತೆಪಾತ್ರೆಯ ನೀರಿನಲ್ಲಿ ಮುಳುಗಿಸಿ, ನೀರು ಏರಿದಷ್ಟನ್ನು ಅದರ ಗಾತ್ರವೆಂದು ಬರೆದುಕೊಳ್ಳಬೇಕು. ತೂಕ 270 ಗ್ರಾಂ, ಗಾತ್ರ 100 ಘನ ಸೆಂಟಿಮೀಟರ್ ಆದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 2.7 ದೊರೆಯುತ್ತದೆ. ಅಂದರೆ ಆ ಕಲ್ಲು ತನ್ನಷ್ಟೇ ಗಾತ್ರದ ನೀರಿನ 2.7ರಷ್ಟು ತೂಗುತ್ತದೆ. ಆದರೆ ಭೂಮಿಯ ಸಾಂದ್ರತೆಯನ್ನೇ ತಿಳಿಯಬೇಕಾದರೆ? ಅದರ ಗಾತ್ರವನ್ನು ಪಂಡಿತರು ಲೆಕ್ಕ ಹಾಕಿದ್ದರು. ಅದನ್ನು ತೂಗುವ ತಕ್ಕಡಿ ಮಾತ್ರ ಎಲ್ಲಿಯೂ ಇರಲಿಲ್ಲ. ಆ ತಕ್ಕಡಿಯನ್ನು ಒದಗಿಸಿಕೊಂಡವನು ಹೆನ್ರಿ ಕ್ಯಾವೆಂಡಿಷ್.

ಕ್ಯಾವೆಂಡಿಷನು 1731ರ ಅಕ್ಟೋಬರ್ 10ರಂದು ನೀಸ್ ನಗರದಲ್ಲಿ, ಇಂಗ್ಲೆಂಡಿನ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದನು. ಎರಡು ವರ್ಷ ತುಂಬುವಷ್ಟರಲ್ಲಿ ತಾಯಿಯನ್ನು ಕಳೆದುಕೊಂಡನು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿ, ಪದವಿಯನ್ನು ಪಡೆಯದೆಯೇ 1753ರಲ್ಲಿ ಹೊರಬಂದನು. ಅಪಾರ ಐಶ್ವರ್ಯ ಕೈಸೇರಿದರೂ ಅವನಿಗೆ ಭೋಗದಲ್ಲಿ ಆಸಕ್ತಿಯಿರಲಿಲ್ಲ. ಸಂಕೋಚ ಸ್ವಭಾವದವನಾದ ಅವನು ಸೇವಕರಿಗೂ ಚೀಟಿ ಬರೆದಿಟ್ಟು ಕೆಲಸ ಹೇಳುತ್ತಿದ್ದನು. 1766ರಲ್ಲಿ ಜಲಜನಕದ ಗುಣಗಳನ್ನು ವಿವರಿಸಿದನು; ಮುಂದೆ ಆ ಅನಿಲವು ಉರಿದಾಗ ನೀರುಂಟಾಗುವುದೆಂದು ತೋರಿಸಿಕೊಟ್ಟನು.

ಭೂಮಿಯನ್ನು ತೂಗುವ ಉಪಾಯವನ್ನು ಮೊದಲು ಯೋಚಿಸಿದವನು ಜಾನ್ ಮಿಚೆಲ್ ಎಂಬ ಪಾದ್ರಿ. ಉಪಕರಣವನ್ನು ನಿರ್ಮಿಸಿದರೂ ಪ್ರಯೋಗ ನಡೆಸುವ ಮುನ್ನವೇ 1793ರಲ್ಲಿ ಅವನು ತೀರಿಕೊಂಡನು. ಆ ಉಪಕರಣವು ಕ್ಯಾವೆಂಡಿಷನ ಕೈಸೇರಿತು. ಅದರ ಬಹುಭಾಗವನ್ನು ಅವನು ಹೊಸದಾಗಿ ಮಾಡಿಸಿದನು. ಆರು ಅಡಿ ಉದ್ದದ ಮರದ ದಂಡವೊಂದನ್ನು ತೆಳುವಾದ ತಂತಿಯಿಂದ ತೂಗುಹಾಕಿ, ಅದರ ಎರಡು ತುದಿಗಳಲ್ಲಿ ಚಿಕ್ಕ ಸೀಸದ ಗುಂಡುಗಳನ್ನು ಇಳಿಬಿಟ್ಟನು. ಅವುಗಳ ಬಳಿಗೆ ಸುಮಾರು 158 ಕಿಲೋಗ್ರಾಂ ತೂಕದ ಎರಡು ದೊಡ್ಡ ಗುಂಡುಗಳನ್ನು ತಂದನು. ದೊಡ್ಡ ಗುಂಡು ಚಿಕ್ಕದನ್ನು ಸೆಳೆದಾಗ ದಂಡವು ಅತ್ಯಲ್ಪವಾಗಿ ತಿರುಗಿ, ತಂತಿಯು ಹೊಸೆದುಕೊಳ್ಳುತ್ತಿತ್ತು. ದಂಡದ ತೂಗಾಟದ ಕಾಲದಿಂದ ತಂತಿಯ ಬಿಗಿಯನ್ನೂ, ಅದರಿಂದ ಸೆಳೆತದ ಬಲವನ್ನೂ ಲೆಕ್ಕ ಹಾಕಬಹುದಾಗಿತ್ತು. ಅದೇ ಚಿಕ್ಕ ಗುಂಡನ್ನು ಭೂಮಿಯೂ ಸೆಳೆಯುತ್ತದೆ. ಅದೇ ಅದರ ತೂಕ. ಎರಡು ಸೆಳೆತಗಳನ್ನೂ ದೂರಗಳನ್ನೂ ಹೋಲಿಸಿದರೆ ಭೂಮಿಯ ಸಾಂದ್ರತೆ ದೊರೆಯುತ್ತದೆ.

ಆದರೆ ಗುಂಡಿನ ಸೆಳೆತವು ಆ ತೂಕದ ಐದು ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ! ಮನುಷ್ಯದೇಹದ ಶಾಖದಿಂದ ಗಾಳಿ ಕದಲಿದರೂ ಪ್ರಯೋಗ ಕೆಡುತ್ತಿತ್ತು. ಆದ್ದರಿಂದ ಅವನು ಉಪಕರಣವನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಹೊರಗಿನಿಂದಲೇ ದೊಡ್ಡ ಗುಂಡುಗಳನ್ನು ಸರಿಸುತ್ತ, ಗೋಡೆಯ ರಂಧ್ರದ ದೂರದರ್ಶಕದಿಂದ ನೋಡುತ್ತಿದ್ದನು. ಅರುವತ್ತೈದು ದಾಟಿದ ಆ ವೃದ್ಧನು 1797ರ ಆಗಸ್ಟಿನಿಂದ 1798ರ ಮೇ ತಿಂಗಳವರೆಗೆ ಹೀಗೆ ಶ್ರಮಿಸಿದನು. ಭೂಮಿಯ ಸರಾಸರಿ ಸಾಂದ್ರತೆಯು ನೀರಿನ 5.48ರಷ್ಟು ಎಂಬುದು ಅವನ ಉತ್ತರ. ಇಂದಿನ ಉತ್ತರ 5.51. ನೆಲದ ಮೇಲಿನ ಸಾಮಾನ್ಯ ಶಿಲೆಗಳ ಸಾಂದ್ರತೆ ಇದರ ಅರ್ಧದಷ್ಟೇ ಇರುವುದರಿಂದ, ಭೂಗರ್ಭದಲ್ಲಿ ಹೆಚ್ಚು ಸಾಂದ್ರವಾದ ದ್ರವ್ಯವಿರಲೇಬೇಕೆಂಬುದು ಸ್ಪಷ್ಟವಾಯಿತು.

ಲೇಖನದ ಆರಂಭದಲ್ಲಿಯೇ ಕ್ಯಾವೆಂಡಿಷನು ಮಿಚೆಲನ ಹೆಸರನ್ನು ಸ್ಮರಿಸಿದನು. ತನ್ನ ಅಳತೆಗಳನ್ನೂ ಅಚ್ಚಿಗೆ ಕೊಟ್ಟನು. ಸರಾಸರಿಯ ಲೆಕ್ಕದಲ್ಲಿ ಸಣ್ಣ ತಪ್ಪೊಂದು ನುಸುಳಿತ್ತು. ಅವನ ಅಂಕಿಗಳಿಂದಲೇ ಫ್ರಾನ್ಸಿಸ್ ಬೇಲಿ ಎಂಬ ವಿದ್ವಾಂಸನು ಅದನ್ನು ತಿದ್ದಿ, ಉತ್ತರವು 5.448 ಆಗಬೇಕೆಂದು ತೋರಿಸಿದನು.

ವಿದ್ಯುತ್ತಿನ ವಿಷಯದಲ್ಲಿ ಹೀಗಾಗಲಿಲ್ಲ. ವಿದ್ಯುದಾಕರ್ಷಣೆಯ ನಿಯಮವನ್ನು ಕ್ಯಾವೆಂಡಿಷನು ಕೂಲಂಬನಿಗಿಂತ ಮೊದಲೇ ಕಂಡುಕೊಂಡಿದ್ದರೂ ಅದನ್ನು ಪ್ರಕಟಿಸಲಿಲ್ಲ. 1810ರ ಫೆಬ್ರವರಿ 24ರಂದು ಅವನು ಮರಣ ಹೊಂದಿದನು. ಆ ಹಸ್ತಪ್ರತಿಗಳನ್ನು ಮ್ಯಾಕ್ಸ್‌ವೆಲ್ ಪ್ರಕಟಿಸಿದ್ದು 1879ರಲ್ಲಿ. ಅಷ್ಟರಲ್ಲಿ ಆ ಸತ್ಯಗಳನ್ನು ಇತರರು ಮತ್ತೆ ಶ್ರಮಪಟ್ಟು ಕಂಡುಕೊಳ್ಳಬೇಕಾಗಿತ್ತು. ಅವನ ತಾಳ್ಮೆಯು ನಮಗೆ ಆದರ್ಶವಾಗಲಿ; ಆದರೆ ಕಲಿತದ್ದನ್ನು ಬಚ್ಚಿಡದೆ ಹತ್ತು ಮಂದಿಯ ಮುಂದಿಡುವ ಧೈರ್ಯವನ್ನೂ ನಾವು ಬೆಳೆಸಿಕೊಳ್ಳೋಣ. ಮುಂದಿಟ್ಟ ಲೆಕ್ಕದಲ್ಲಿ ತಪ್ಪಿದ್ದರೆ ಯಾರಾದರೂ ತಿದ್ದಿಯಾರು. ಪೆಟ್ಟಿಗೆಯಲ್ಲಿಟ್ಟ ಸರಿಯಾದ ಲೆಕ್ಕದಿಂದ ಯಾರಿಗೂ ಉಪಯೋಗವಿಲ್ಲ.